ಗಾಳಿಯ ಲೆಕ್ಕ: ಏರುತ್ತಿರುವ ಕಾರ್ಬನ್ ಡೈಆಕ್ಸೈಡನ್ನು ಮಲೆನಾಡಿನ ಮಕ್ಕಳಿಗೆ ಕಲಿಸುವುದು ಹೇಗೆ?

ಎಂಟನೇ ಕ್ಲಾಸಿನ ಮಕ್ಕಳಿಗೆ "ಭೂಮಿ ಯಾಕೆ ಬಿಸಿಯಾಗುತ್ತಿದೆ?" ಅಂತ ಒಂದು ಪ್ರಶ್ನೆ ಕೊಟ್ಟು ನೋಡಿ. ಬಹುಪಾಲು ಹಾಳೆಗಳಲ್ಲಿ ಒಂದೇ ಉತ್ತರ ಇರುತ್ತದೆ. ಮರ ಕಡಿದಿದ್ದಾರೆ, ಪ್ಲಾಸ್ಟಿಕ್ ಸುಡುತ್ತಾರೆ, ಓಜೋನಿನಲ್ಲಿ ತೂತು ಬಿದ್ದು ಬಿಸಿಲು ಒಳಗೆ ನುಗ್ಗುತ್ತಿದೆ, ಆದ್ದರಿಂದ ನಾವೆಲ್ಲರೂ ಗಿಡ ನೆಡಬೇಕು. ಮಾರ್ಕ್ಸೂ ಸಿಗುತ್ತದೆ. ಆದರೆ ಆ ಮಗುವಿಗೆ ವಿಷಯ ಗೊತ್ತಿಲ್ಲ, ಉತ್ತರ ಮಾತ್ರ ಗೊತ್ತು.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸುತ್ತ ಕಾಫಿ ತೋಟ. ಮಕ್ಕಳಲ್ಲಿ ಕೆಲವರು ಬೆಳೆಗಾರರ ಮನೆಯವರು, ಜಾಸ್ತಿ ಜನ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳಿಂದ ಬರುವವರು. ಮಳೆ ಬಗ್ಗೆ ಇವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ. ಹಾಗಿದ್ದೂ ನಾನು ಸುಮಾರು ವರ್ಷ ಈ ಪಾಠವನ್ನು ಹೆದರಿಸುವ ಭಾಷಣದಂತೆ ಮಾಡಿದೆ. ಹಿಮಕರಡಿ, ಕರಗುವ ಹಿಮ, ಮುಳುಗುವ ದ್ವೀಪ. ಹಿಮಕರಡಿಯನ್ನು ಮಕ್ಕಳು ಮುದ್ದಾಗಿದೆ ಅಂದರು, ಅಷ್ಟೇ.

ಆಮೇಲೆ ರೀತಿ ಬದಲಿಸಿದೆ. ಈಗ ಮೊದಲು ಅಳತೆ, ಆಮೇಲೆ ಕಾರಣ, ಪರಿಣಾಮ ಕೊನೆಗೆ. ಗಾಳಿಯಲ್ಲಿ ಏನಿದೆ ಅಂತ ಮಕ್ಕಳೇ ಅಳೆದರೆ ಉಳಿದದ್ದನ್ನು ಅವರೇ ಕೇಳುತ್ತಾರೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಚಿಕ್ಕಮಗಳೂರು, ಹಾಸನ ಕಡೆಯ ಶಾಲೆಗಳಿಗೆ ಹಾಗೇ ಹೊಂದುತ್ತದೆ. ಬೇರೆ ಕಡೆಯವರು ಕಾಫಿ ಇದ್ದಲ್ಲಿ ನಿಮ್ಮೂರ ಬೆಳೆ ಹಾಕಿಕೊಳ್ಳಿ.

ಯಾವಾಗ ಶುರು ಮಾಡಬೇಕು?

ಜೂನ್, ಜುಲೈ ಬೇಡ. ಮಳೆ ರಜೆ, ಕರೆಂಟಿಲ್ಲದ ದಿನ, ಒದ್ದೆ ಬಟ್ಟೆಯಲ್ಲಿ ನಡುಗುವ ಮಕ್ಕಳು. ದಸರಾ ರಜೆ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿ ನಡುವೆ ಇಟ್ಟುಕೊಳ್ಳಿ. ರಾತ್ರಿ ಆಕಾಶ ತಿಳಿಯಾಗಿರುತ್ತದೆ, ಅದು ಮುಂದೆ ಬೇಕಾಗುತ್ತದೆ. ಎಂಟು ಒಂಬತ್ತನೇ ಕ್ಲಾಸಿಗೆ ಎಂಟು ಪೀರಿಯಡ್ ಸಾಕು, ಜೊತೆಗೆ ಎರಡು ಶನಿವಾರ. ಹತ್ತನೇ ಕ್ಲಾಸಿನವರನ್ನು ಆ ಹೊತ್ತಿಗೆ ಪರೀಕ್ಷೆ ನುಂಗಿಬಿಟ್ಟಿರುತ್ತದೆ, ಅವರನ್ನು ಬಿಡಿ.

ಮೊದಲ ಹೆಜ್ಜೆ: ಮಾತು ಸರಿಮಾಡಿಕೊಳ್ಳಿ

ಕನ್ನಡದಲ್ಲಿ ಈ ಪಾಠಕ್ಕೆ ಒಂದು ತೊಡಕಿದೆ. ಪೇಪರಿನಲ್ಲಿ 'ಹವಾಮಾನ ವರದಿ' ಅಂತ ಬರುತ್ತದೆ, ಅದು ನಾಳಿನ ಮಳೆಯ ಸುದ್ದಿ. ಅದೇ ಪೇಪರಿನಲ್ಲಿ 'ಹವಾಮಾನ ಬದಲಾವಣೆ' ಅಂತಲೂ ಬರುತ್ತದೆ, ಅದು ನೂರು ವರ್ಷದ ಸುದ್ದಿ. ಎರಡಕ್ಕೂ ಒಂದೇ ಪದ. ಮಕ್ಕಳು ಗೊಂದಲ ಮಾಡಿಕೊಂಡರೆ ತಪ್ಪು ಅವರದ್ದಲ್ಲ. ಸಮಾಜ ವಿಜ್ಞಾನದ ಪುಸ್ತಕದಲ್ಲಿ 'ವಾಯುಗುಣ' ಅನ್ನೋ ಒಳ್ಳೆ ಪದ ಇದೆ. ದೀರ್ಘಕಾಲದ್ದಕ್ಕೆ ಅದನ್ನೇ ಬಳಸಿ. ಇವತ್ತಿನದ್ದು ಹವಾಮಾನ, ಮೂವತ್ತು ವರ್ಷದ ಸರಾಸರಿ ವಾಯುಗುಣ. "ಇವತ್ತು ಕೊಡೆ ತಗೊಂಡು ಹೋಗ್ಬೇಕಾ ಅನ್ನೋದು ಹವಾಮಾನ, ಮನೆ ಕಟ್ಟುವಾಗ ಮಾಡನ್ನು ಎಷ್ಟು ಇಳಿಜಾರಾಗಿ ಮಾಡ್ಬೇಕು ಅನ್ನೋದು ವಾಯುಗುಣ" ಅಂತ ಹೇಳಿದರೆ ಮಲೆನಾಡಿನ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಓಜೋನ್ ಮಾತನ್ನೂ ಮೊದಲ ದಿನವೇ ಮುಗಿಸಿಬಿಡಿ. ಓಜೋನ್ ಪದರ ತೆಳುವಾಗಿದ್ದು ಹಳೇ ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿದ್ದ ಅನಿಲಗಳಿಂದ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ನಿಧಾನಕ್ಕೆ ಸುಧಾರಿಸುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಬಿಸಿಲು ಜಾಸ್ತಿ ಒಳಗೆ ಬಂದು ಅಲ್ಲ, ಬಂದ ಬಿಸಿ ಹೊರಗೆ ಹೋಗಲು ತಡವಾಗಿ. ಬೋರ್ಡಿನ ಮೇಲೆ ಎರಡು ಕಾಲಂ ಮಾಡಿ ಬರೆದು, ಒಂದು ವಾರ ಅಳಿಸದೆ ಬಿಡಿ.

ಇನ್ನೊಂದು: ಹೊಗೆ ಬೇರೆ, ಕಾರ್ಬನ್ ಡೈಆಕ್ಸೈಡ್ ಬೇರೆ. ಕಣ್ಣಿಗೆ ಕಾಣುವ ಹೊಗೆ ಅಂದರೆ ಮಸಿ, ಧೂಳು, ಹಬೆ. ಕಾರ್ಬನ್ ಡೈಆಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಾಗಾದರೆ ಅದು ಇದೆ ಅಂತ ತೋರಿಸೋದು ಹೇಗೆ?

ಎರಡನೇ ಹೆಜ್ಜೆ: ಸುಣ್ಣದ ತಿಳಿ

ಇದಕ್ಕೆ ಲ್ಯಾಬ್ ಬೇಡ, ಎಲೆ ಅಡಿಕೆ ಹಾಕುವ ಅಜ್ಜಿ ಇದ್ದರೆ ಸಾಕು. ಎಲೆಗೆ ಹಚ್ಚುವ ಸುಣ್ಣ ಒಂದು ಚಮಚ ತೆಗೆದುಕೊಳ್ಳಿ. ಒಂದು ಲೀಟರ್ ನೀರಿಗೆ ಹಾಕಿ, ಬಾಟಲಿ ಮುಚ್ಚಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಬೇಕಾದರೆ ಮಡಚಿದ ಹತ್ತಿ ಬಟ್ಟೆಯಲ್ಲಿ ಸೋಸಿ. ನೀರಿನಷ್ಟೇ ತಿಳಿಯಾಗಿರಬೇಕು. ಸುಟ್ಟ ಸುಣ್ಣದ ಕಲ್ಲನ್ನು ಮಕ್ಕಳ ಕೈಗೆ ಕೊಡಲೇಬೇಡಿ. ನೀರು ತಾಗಿದರೆ ಅದು ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು.

ಲೋಟಕ್ಕೆ ಸ್ವಲ್ಪ ತಿಳಿ ಹಾಕಿ, ಸ್ಟ್ರಾದಲ್ಲಿ ಊದಲು ಹೇಳಿ. "ಊದಬೇಕು, ಹೀರಬಾರದು" ಅಂತ ಮೂರು ಸಲ ಹೇಳಿ. ನಾಲ್ಕನೇ ಸಲ ಹೇಳುವಷ್ಟರಲ್ಲಿ ಒಬ್ಬ ಹೀರಿರುತ್ತಾನೆ, ಪಕ್ಕದಲ್ಲಿ ಕುಡಿಯುವ ನೀರು ಇಟ್ಟಿರಿ. ಸ್ವಲ್ಪ ಹೊತ್ತಿಗೆ ತಿಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಯಿತು. ಅಂದರೆ ಸುಣ್ಣದಕಲ್ಲಿನ ಪುಡಿ.

ಇಲ್ಲಿ ನಾನೊಮ್ಮೆ ಸಿಕ್ಕಿಬಿದ್ದೆ. ಒಬ್ಬಳು ಹುಡುಗಿ ಛಲ ಬಿಡದೆ ಊದುತ್ತಲೇ ಇದ್ದಳು. ಬೆಳ್ಳಗಾದದ್ದು ಮತ್ತೆ ತಿಳಿಯಾಯಿತು! "ಮೇಡಂ, ನಂದು ಹಾಳಾಯ್ತು" ಅಂದಳು. ಹಾಳಾಗಿರಲಿಲ್ಲ. ಕಾರ್ಬನ್ ಡೈಆಕ್ಸೈಡ್ ಇನ್ನೂ ಜಾಸ್ತಿಯಾದರೆ ಆ ಪುಡಿ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಆಗಿ ಕರಗಿಹೋಗುತ್ತದೆ. ಅವತ್ತು ನನಗೆ ಹೊಳೆಯಲಿಲ್ಲ, ಮಾರನೇ ದಿನ ಹೇಳಿದೆ. ಈಗ ಬೇಕಂತಲೇ ಹಾಗೆ ಮಾಡಿಸುತ್ತೇನೆ. ಕಪ್ಪೆಚಿಪ್ಪು, ಹವಳ ಎಲ್ಲ ಕ್ಯಾಲ್ಸಿಯಂ ಕಾರ್ಬೋನೇಟಿನ ಮನೆಗಳು. ಸಮುದ್ರದ ನೀರಿಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಸೇರಿದಷ್ಟೂ ಆ ಮನೆ ಕಟ್ಟುವುದು ಕಷ್ಟ ಅನ್ನೋದನ್ನು ಇದೇ ಲೋಟದಲ್ಲಿ ಹೇಳಬಹುದು.

ಮೂರನೇ ಹೆಜ್ಜೆ: ಹತ್ತು ಲಕ್ಷಕ್ಕೆ ಎಷ್ಟು?

ಪಿಪಿಎಂ ಅಂದರೆ ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಅಂತ. ಕಾರ್ಖಾನೆಗಳು ಬರುವ ಮೊದಲು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಇತ್ತು, 2024ರ ಸರಾಸರಿ ಸುಮಾರು 425. ಇದನ್ನು ಹೇಳಿದ ಕೂಡಲೇ ಜಾಣ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ: "ಹತ್ತು ಲಕ್ಷದಲ್ಲಿ ನಾನೂರು ಅಂದ್ರೆ ಏನೂ ಅಲ್ವಲ್ಲ ಮೇಡಂ?" ಸರಿಯಾದ ಪ್ರಶ್ನೆ. ಬಾಯಿಮಾತಿನ ಉತ್ತರ ಬೇಡ, ತೋರಿಸಿ.

ಎರಡು ಲೀಟರಿನ ಎರಡು ಖಾಲಿ ಸೋಡಾ ಬಾಟಲಿ ತನ್ನಿ. ಅಂಟಿಸಿದ ಕಾಗದ ಕಿತ್ತುಹಾಕಿ, ತಿಳಿ ನೀರು ತುಂಬಿ. ಬಟ್ಟೆಗೆ ಹಾಕುವ ನೀಲಿ ಮತ್ತು ಔಷಧಿ ಹಾಕುವ ಡ್ರಾಪರ್ ಬೇಕು. ಇಪ್ಪತ್ತು ಹನಿ ಸೇರಿದರೆ ಹೆಚ್ಚುಕಡಿಮೆ ಒಂದು ಎಂ.ಎಲ್. ಒಂದು ಬಾಟಲಿಗೆ 11 ಹನಿ ಹಾಕಿ, ಅದು 280 ಪಿಪಿಎಂ. ಇನ್ನೊಂದಕ್ಕೆ 17 ಹನಿ, ಅದು 425. ಲೆಕ್ಕವನ್ನು ಮಕ್ಕಳೇ ಮಾಡಲಿ. ಎರಡೂ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಇಟ್ಟರೆ ಎರಡು ಬೇರೆ ಬೇರೆ ನೀಲಿ ಕಾಣುತ್ತದೆ. ನೀರು ಎಷ್ಟೇ ಇದ್ದರೂ ಬಣ್ಣ ಕೊಡುವುದು ನೀಲಿಯೇ. ಹಾಗೇ ಗಾಳಿಯಲ್ಲಿ ಶೇಕಡಾ 99ರಷ್ಟು ಇರುವ ನೈಟ್ರೋಜನ್, ಆಕ್ಸಿಜನ್ ಭೂಮಿಯಿಂದ ಹೊರಡುವ ಬಿಸಿಯ ಕಿರಣವನ್ನು ತಡೆಯುವುದೇ ಇಲ್ಲ. ತಡೆಯುವುದು ಈ ಚೂರುಪಾರು ಇರುವವು: ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್.

ನಾಲ್ಕನೇ ಹೆಜ್ಜೆ: ಮೀಟರ್ ಹಿಡಿದು ತೋಟಕ್ಕೆ

ಇದು ನನ್ನ ಅಚ್ಚುಮೆಚ್ಚಿನ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ಕಾರ್ಬನ್ ಡೈಆಕ್ಸೈಡ್ ಅಳೆಯುವ ಕೈ ಮೀಟರ್ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಎಚ್ಚರ. ನಾನು ಮೊದಲು ತರಿಸಿದ್ದು ತೀರಾ ಅಗ್ಗದ್ದು. ಕ್ಲಾಸಿನಲ್ಲಿ ಇಟ್ಟರೆ ಅಂಕೆ ಏರುತ್ತಿತ್ತು, ಮಕ್ಕಳಿಗೂ ಖುಷಿ, ನನಗೂ ಖುಷಿ. ಒಂದು ದಿನ ಯಾರೋ ಪಕ್ಕದಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡರು. ಮೀಟರ್ ನೇರ 3,000ಕ್ಕೆ ಹಾರಿತು. ಸ್ಯಾನಿಟೈಸರಿನಲ್ಲಿ ಎಲ್ಲಿಯ ಕಾರ್ಬನ್ ಡೈಆಕ್ಸೈಡ್? ಆಮೇಲೆ ಗೊತ್ತಾಯಿತು, ಅದು ಗಾಳಿಯಲ್ಲಿನ ಆಲ್ಕೊಹಾಲ್, ಸೆಂಟು ಇಂಥದ್ದನ್ನು ಮೂಸಿ, ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದು ಅಂತ ಅಂದಾಜು ಹೇಳುವ ಯಂತ್ರ. ದುಡ್ಡು ದಂಡ. ನೀವು 'ಎನ್‌ಡಿಐಆರ್' ಅಂತ ಬರೆದಿರುವ ಸೆನ್ಸರನ್ನೇ ನೋಡಿ ಕೊಳ್ಳಿ. ಕೆಲವು ಸಾವಿರ ರೂಪಾಯಿ ಆಗುತ್ತದೆ, ಅಕ್ಕಪಕ್ಕದ ಮೂರು ನಾಲ್ಕು ಶಾಲೆಯವರು ಸೇರಿ ಒಂದು ಕೊಂಡರೂ ನಡೆಯುತ್ತದೆ.

ಆ ಸೆನ್ಸರಿನ ಒಳಗೇ ನಿಮ್ಮ ಪಾಠ ಕೂತಿದೆ. ಪುಟ್ಟ ಕೊಳವೆ, ಒಂದು ತುದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣ ಬಿಡುವ ದೀಪ, ಇನ್ನೊಂದು ತುದಿಯಲ್ಲಿ ಆ ಕಿರಣ ಎಷ್ಟು ಬಂತು ಅಂತ ನೋಡುವ ಕಣ್ಣು. ನಡುವೆ ಗಾಳಿ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದಷ್ಟೂ ಕಿರಣವನ್ನು ಅದು ನುಂಗುತ್ತದೆ, ಆ ಕಡೆ ತಲುಪುವುದು ಕಡಿಮೆಯಾಗುತ್ತದೆ. "ಕಾರ್ಬನ್ ಡೈಆಕ್ಸೈಡ್ ಬಿಸಿ ಹಿಡಿದಿಡುತ್ತೆ ಅನ್ನೋದಕ್ಕೆ ಏನು ಸಾಕ್ಷಿ?" ಅಂತ ಯಾರಾದರೂ ಕೇಳಿದರೆ ಮೀಟರನ್ನೇ ತೋರಿಸಿ. ಅದು ಹಾಗೆ ಹಿಡಿಯದೇ ಇದ್ದಿದ್ದರೆ ಈ ಮೀಟರ್ ಕೆಲಸವನ್ನೇ ಮಾಡುತ್ತಿರಲಿಲ್ಲ.

ಮೊದಲು ಕ್ಲಾಸಿನಲ್ಲಿ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದು ಒಂದು ಅಂಕೆ ಬರೆದುಕೊಳ್ಳಿ. ಆಮೇಲೆ ಎಲ್ಲರೂ ಒಳಗೆ, ಬಾಗಿಲು ಕಿಟಕಿ ಬಂದ್. ನಮ್ಮಲ್ಲಿ ನಲವತ್ತೆರಡು ಮಕ್ಕಳು, ಹತ್ತು ಹನ್ನೆರಡು ನಿಮಿಷಕ್ಕೆ 1,000 ದಾಟಿತ್ತು. ನಿಮಿಷಕ್ಕೊಮ್ಮೆ ಒಬ್ಬರು ಎದ್ದು ಬಂದು ಬೋರ್ಡಿನ ಮೇಲೆ ಅಂಕೆ ಬರೆಯಲಿ. ಆಮೇಲೆ ಕಿಟಕಿ ತೆಗೆಯಿರಿ, ಇಳಿಯುವುದನ್ನೂ ಬರೆಯಲಿ. ಹಂಚಿನ ಮಾಡಿನ ಹಳೇ ಕಟ್ಟಡವಾದರೆ ಅಷ್ಟು ಏರುವುದಿಲ್ಲ, ಸಂದಿಯಲ್ಲಿ ಗಾಳಿ ಆಡುತ್ತಿರುತ್ತದೆ. ಇದು ಕೋಣೆಯ ಗಾಳಿಯ ಮಾತು, ಲೋಕದ ಗಾಳಿಯದ್ದಲ್ಲ ಅನ್ನೋದನ್ನು ಆಗಲೇ ಬಿಡಿಸಿ ಹೇಳಿ.

ಶನಿವಾರ ತೋಟಕ್ಕೆ ಹೋಗಿ. ಆದರೆ ಒಂದೇ ಸಲ ಅಳೆದರೆ ಸಾಲದು. ತೋಟದಲ್ಲೇ ಮನೆಯಿರುವ ಒಬ್ಬ ವಿದ್ಯಾರ್ಥಿಗೆ ಮೀಟರ್ ಕೊಟ್ಟು, ದೊಡ್ಡವರ ಜೊತೆಯಲ್ಲಿ ಬೆಳಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ ಅಂಗಳದಲ್ಲಿ ಅಳೆಯಲು ಹೇಳಿ. ಮೀಟರಿನ ಹತ್ತಿರ ಮುಖ ತರಬಾರದು, ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ. ನಮ್ಮ ಹುಡುಗ ತಂದ ಹಾಳೆಯಲ್ಲಿ ಬೆಳಗಿನ ಜಾವದ ಅಂಕೆ 500ರ ಸುತ್ತಮುತ್ತ, ಮಧ್ಯಾಹ್ನ ಎರಡರ ಅಂಕೆ 420, 430. ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. "ಕಾಡಿದ್ದರೂ ಬೆಳಗ್ಗೆ ಯಾಕೆ ಜಾಸ್ತಿ?" ರಾತ್ರಿ ಎಲೆ ಅಡುಗೆ ಮಾಡುವುದಿಲ್ಲ, ಉಸಿರಾಡುತ್ತದೆ. ಮಣ್ಣಿನ ಜೀವಿಗಳೂ ಉಸಿರಾಡುತ್ತವೆ. ಗಾಳಿ ಅಲ್ಲಾಡದೆ ಎಲ್ಲ ನೆಲದ ಹತ್ತಿರವೇ ನಿಂತಿರುತ್ತದೆ. ಬಿಸಿಲೇರಿದ ಮೇಲೆ ಗಾಳಿ ಕಲಸಿಕೊಳ್ಳುತ್ತದೆ, ಎಲೆಗಳೂ ಕೆಲಸಕ್ಕೆ ಇಳಿಯುತ್ತವೆ.

ಚಾರ್ಲ್ಸ್ ಕೀಲಿಂಗ್ ಅನ್ನೋ ವಿಜ್ಞಾನಿಯ ಕಥೆ ಹೇಳಬೇಕಾದದ್ದು ಈಗ, ಇದಕ್ಕೂ ಮೊದಲು ಅಲ್ಲ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗ್ ಸರ್ ಅನ್ನೋ ಕಡಲಂಚಿನ ಕಾಡಿನಲ್ಲಿ ಆ ಯುವಕ ಕೆಲವು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಗಾಜಿನ ಬುರುಡೆಗೆ ಗಾಳಿ ತುಂಬಿಸಿಕೊಂಡ. ರಾತ್ರಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಎಲ್ಲಿ ಅಳೆದರೂ ಮಧ್ಯಾಹ್ನದ ಅಂಕೆ ಮಾತ್ರ ಹೆಚ್ಚುಕಡಿಮೆ ಒಂದೇ, 310ರ ಸುತ್ತ. ಹಾಗಾದರೆ ಲೋಕದ ಗಾಳಿಗೆಲ್ಲ ಒಂದು ಸಾಮಾನ್ಯ ಅಂಕೆ ಇದೆ ಅಂತಾಯಿತು. ನಮ್ಮ ಹುಡುಗ ಅಂಗಳದಲ್ಲಿ ಕಂಡದ್ದೂ ಅದನ್ನೇ. ಆಗ 310, ಈಗ 420ರ ಮೇಲೆ. ಈ ಎರಡು ಅಂಕೆಯನ್ನು ಅಕ್ಕಪಕ್ಕ ಬರೆದು ಒಂದು ನಿಮಿಷ ಸುಮ್ಮನಿರಿ.

ಒಂದು ಮಾತು: ಕೈ ಮೀಟರ್ ಐವತ್ತು ಪಿಪಿಎಂ ಆಚೀಚೆ ತೋರಿಸಬಹುದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಕ್ಕೆ ಏರುವುದು ಎರಡೂವರೆ ಪಿಪಿಎಂ. ಹಾಗಾಗಿ "ನಮ್ಮೂರಲ್ಲಿ ಈ ವರ್ಷ ಇಷ್ಟು ಏರಿತು" ಅಂತ ಈ ಮೀಟರಿನಿಂದ ಹೇಳಲು ಬರುವುದಿಲ್ಲ. ಅದಕ್ಕೇ ಕೀಲಿಂಗ್ ಊರು, ಕಾಡು ಎಲ್ಲದರಿಂದ ದೂರ, ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟಕ್ಕೆ ಹೋದದ್ದು. 3,397 ಮೀಟರ್ ಎತ್ತರದ ಜಾಗ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 1,400 ಮೀಟರಿಗೂ ಮೇಲೆ.

ಐದನೇ ಹೆಜ್ಜೆ: ಗೋಡೆಯ ಗ್ರಾಫ್

ಮೌನಾ ಲೋವಾದಲ್ಲಿ ಅಳತೆ ಶುರುವಾದದ್ದು 1958ರಲ್ಲಿ. ವಾರ್ಷಿಕ ಸರಾಸರಿಗಳನ್ನು ಕೊಟ್ಟು ಗ್ರಾಫ್ ಹಾಕಿಸಿ: 1959ರಲ್ಲಿ 316, 1970ರಲ್ಲಿ 326, 1980ರಲ್ಲಿ 339, 1990ರಲ್ಲಿ 354, 2000ದಲ್ಲಿ 370, 2010ರಲ್ಲಿ 390, 2020ರಲ್ಲಿ 414, 2024ರಲ್ಲಿ 425. ಗೆರೆ ನೆಟ್ಟಗಿಲ್ಲ, ಮೇಲಕ್ಕೆ ಬಾಗಿದೆ ಅನ್ನೋದು ಮಕ್ಕಳ ಕಣ್ಣಿಗೇ ಬೀಳುತ್ತದೆ. ಮೊದಲ ಹತ್ತು ವರ್ಷ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಏರುತ್ತಿತ್ತು, ಈಗ ಎರಡಕ್ಕಿಂತ ಜಾಸ್ತಿ. ಅವರೇ ಕಳೆದು, ಭಾಗಿಸಿ ನೋಡಲಿ.

ಚಾರ್ಟನ್ನು ಗೋಡೆಗೆ ಹಾಕುವಾಗ ಮೇಲ್ಗಡೆ ಜಾಗ ಬಿಡಿ. ನಾನು ಮೊದಲ ಸಲ ಹಾಕಿಸಿದಾಗ 420ಕ್ಕೆ ಹಾಳೆ ಮುಗಿದಿತ್ತು. ಈಗ ಮೇಲೆ ಇನ್ನೊಂದು ತುಂಡು ಅಂಟಿಸಿದ್ದೇವೆ, ಅದರ ಬಣ್ಣ ಬೇರೆ.

ಬಿಡುವಿದ್ದರೆ ಒಂದು ವರ್ಷದ ತಿಂಗಳುವಾರು ಅಂಕೆಯನ್ನೂ ಹಾಕಿಸಿ. ಗೆರೆ ಮೇ ತಿಂಗಳಲ್ಲಿ ಏರಿ, ಸೆಪ್ಟೆಂಬರ್ ಅಕ್ಟೋಬರಿಗೆ ಆರೇಳು ಪಿಪಿಎಂ ಇಳಿದು, ಮತ್ತೆ ಏರುತ್ತದೆ. ಗರಗಸದ ಹಲ್ಲು ಇದ್ದ ಹಾಗೆ. ಭೂಮಿಯ ನೆಲ, ಕಾಡು ಜಾಸ್ತಿ ಇರುವುದು ಉತ್ತರಾರ್ಧದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಮರಗಳು ಚಿಗುರಿ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ, ಎಲೆ ಉದುರಿ ಕೊಳೆತಾಗ ವಾಪಸ್ ಬಿಡುತ್ತವೆ. ಅಂಗಳದಲ್ಲಿ ಒಂದು ದಿನದಲ್ಲಿ ಕಂಡ ಏರಿಳಿತವೇ ಇಲ್ಲಿ ಒಂದು ವರ್ಷದಲ್ಲಿ ಕಾಣುತ್ತದೆ. ಪ್ರತಿ ಹಲ್ಲೂ ಹಿಂದಿನ ಹಲ್ಲಿಗಿಂತ ಮೇಲೆ ಕೂತಿದೆ.

"ಹಿಂದೆಯೂ ಹೀಗೇ ಏರಿಳಿದಿರಬಹುದಲ್ವಾ?" ಹೌದು. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಳೇ ಗಾಳಿಯ ಗುಳ್ಳೆಗಳಿಂದ 8 ಲಕ್ಷ ವರ್ಷದ ಲೆಕ್ಕ ಸಿಕ್ಕಿದೆ. ಅಷ್ಟೂ ಕಾಲ ಅದು ಸುಮಾರು 180 ಮತ್ತು 300ರ ನಡುವೆಯೇ ಓಡಾಡಿದೆ.

ಆರನೇ ಹೆಜ್ಜೆ: ಕಂಬಳಿ

ಹಸಿರುಮನೆ ಪರಿಣಾಮ ಅಂತ ಪುಸ್ತಕದಲ್ಲಿದೆ. ನಮ್ಮ ಮಕ್ಕಳು ಕಂಡಿರುವ ಹಸಿರುಮನೆ ಅಂದರೆ ನರ್ಸರಿಯ ಶೇಡ್ ನೆಟ್ಟು, ಅದು ತಂಪು ಮಾಡೋದಕ್ಕೆ! ಆ ಹೋಲಿಕೆ ಬಿಡಿ, ಕಂಬಳಿ ಸಾಕು. ಕಂಬಳಿಗೆ ತನ್ನದೇ ಬಿಸಿ ಇಲ್ಲ, ಮೈಯ ಬಿಸಿ ಬೇಗ ಹೋಗದಂತೆ ತಡೆಯುತ್ತದೆ ಅಷ್ಟೆ.

ಇದನ್ನು ಇಲ್ಲಿನ ಜನ ಬಲ್ಲರು. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಕೊರೆಯುತ್ತದೆ, ಮೋಡ ಮುಚ್ಚಿದ ರಾತ್ರಿ ಬೆಚ್ಚಗಿರುತ್ತದೆ. ಒಂದು ಥರ್ಮಾಮೀಟರ್ ಕೊಟ್ಟು ಎರಡು ವಾರ ಬೆಳಗ್ಗೆ ಆರರ ಉಷ್ಣತೆ ಮತ್ತು ಹಿಂದಿನ ರಾತ್ರಿ ಮೋಡ ಇತ್ತೋ ಇಲ್ಲವೋ ಅಂತ ಬರೆಸಿ. ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಜ್ವರ ನೋಡುವುದು ಸಾಲದು, ಮೈನಸ್ ಡಿಗ್ರಿ ತೋರಿಸುವ ವರ್ಕ್‌ಶಾಪಿನದ್ದು ಬೇಕು. ಹೊತ್ತು ಮುಳುಗಿದ ಮೇಲೆ ತಿಳಿ ಆಕಾಶಕ್ಕೆ ಹಿಡಿದರೆ ನೆಲಕ್ಕಿಂತ ಹತ್ತಾರು ಡಿಗ್ರಿ ಕಡಿಮೆ ತೋರಿಸುತ್ತದೆ, ಮೋಡಕ್ಕೆ ಹಿಡಿದರೆ ಅಂಕೆ ಏರುತ್ತದೆ. ಮೋಡ ನೆಲಕ್ಕೆ ಬಿಸಿಯನ್ನು ವಾಪಸ್ ಕಳಿಸುತ್ತಿದೆ. ಈ ಗನ್ನಿಗೆ ಕಾಣುವುದು ಮುಖ್ಯವಾಗಿ ಮೋಡ ಮತ್ತು ನೀರಾವಿಯ ಕೆಲಸ. ಕಾರ್ಬನ್ ಡೈಆಕ್ಸೈಡ್ ಮಾಡುವುದೂ ಅದನ್ನೇ, ಬೇರೆ ತರಂಗದಲ್ಲಿ. ಹಗಲು ಸೂರ್ಯನ ಕಡೆ ಹಿಡಿಯಲು ಮಾತ್ರ ಬಿಡಬೇಡಿ.

ಎಲ್ಲರೂ ಮಾಡಿಸುವ ಎರಡು ಬಾಟಲಿಯ ಪ್ರಯೋಗ ಇದೆಯಲ್ಲ, ಒಂದಕ್ಕೆ ಅಡುಗೆ ಸೋಡಾ ವಿನೆಗರಿನಿಂದ ಬಂದ ಗ್ಯಾಸ್ ತುಂಬಿ ಬಿಸಿಲಿಗಿಡೋದು? ನನ್ನ ಕೇಳಿದರೆ ಬೇಡ. ಮೇಲಧಿಕಾರಿಗಳು ಬಂದ ದಿನವೇ ನಮ್ಮಲ್ಲಿ ಬರೀ ಗಾಳಿಯ ಬಾಟಲಿ ಜಾಸ್ತಿ ಬಿಸಿಯಾಯಿತು, ಥರ್ಮಾಮೀಟರಿನ ತುದಿ ಬಿಸಿಲು ಬಿದ್ದ ಗಾಜಿಗೆ ತಾಗಿತ್ತು. ಅದು ನನ್ನ ತಪ್ಪು. ಆದರೆ ಪ್ರಯೋಗ ಸರಿಯಾಗಿ ಆದರೂ ಅದು ತೋರಿಸುವುದು ಬೇರೆಯದನ್ನೇ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಮೇಲಿನ ಗಾಳಿಯ ಜೊತೆ ಬೇಗ ಬೆರೆಯುವುದಿಲ್ಲ, ಆದ್ದರಿಂದ ಬಿಸಿ ಅಲ್ಲೇ ನಿಲ್ಲುತ್ತದೆ. ಅದೇ ಜಾಗದಲ್ಲಿ ಆರ್ಗಾನ್ ತುಂಬಿದರೂ ಹಾಗೇ ಬಿಸಿಯಾಗುತ್ತದೆ, ಆರ್ಗಾನ್ ಹಸಿರುಮನೆ ಅನಿಲವೇ ಅಲ್ಲ. ಸರಿ ವಿಷಯಕ್ಕೆ ತಪ್ಪು ಸಾಕ್ಷಿ ಯಾಕೆ?

ಹಾಸನದವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಊರಲ್ಲೇ ಇದೆ. ಸಾಲಗಾಮೆ ರಸ್ತೆಯ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ಮಕ್ಕಳು ನೋಡಿರುತ್ತಾರೆ. ಇಸ್ರೋದ ಇನ್ಸಾಟ್ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾರೆ. 2013ರಲ್ಲಿ ಹಾರಿದ ಇನ್ಸಾಟ್ 3ಡಿಯಲ್ಲಿ ಸೌಂಡರ್ ಅನ್ನೋ ಉಪಕರಣ ಇತ್ತು. ಭೂಮಿಯಿಂದ ಬರುವ ಅವಗೆಂಪು ಕಿರಣದಲ್ಲಿ ಕಾರ್ಬನ್ ಡೈಆಕ್ಸೈಡ್ ನುಂಗುವ ತರಂಗಗಳನ್ನು ನೋಡಿ, ಯಾವ ಎತ್ತರದಲ್ಲಿ ಎಷ್ಟು ಉಷ್ಣತೆ ಇದೆ ಅಂತ ಅದು ಲೆಕ್ಕ ಹಾಕುತ್ತಿತ್ತು. ಟಿವಿಯ ಹವಾಮಾನ ವರದಿಯ ಹಿಂದೆಯೂ ಕಾರ್ಬನ್ ಡೈಆಕ್ಸೈಡಿನ ಈ ಗುಣವೇ ದುಡಿಯುತ್ತಿದೆ.

ಇತಿಹಾಸ ಎರಡು ಸಾಲು ಸಾಕು. 1856ರಲ್ಲಿ ಯೂನಿಸ್ ಫೂಟ್, 1859ರಲ್ಲಿ ಜಾನ್ ಟಿಂಡಾಲ್ ಇದನ್ನು ಪ್ರಯೋಗ ಮಾಡಿ ತೋರಿಸಿದರು, 1896ರಲ್ಲಿ ಅರೇನಿಯಸ್ ಭೂಮಿ ಎಷ್ಟು ಬಿಸಿಯಾದೀತು ಅಂತ ಕೈಯಲ್ಲೇ ಲೆಕ್ಕ ಹಾಕಿದ. ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ.

ಏಳನೇ ಹೆಜ್ಜೆ: ಒಂದು ಲೀಟರ್ ಪೆಟ್ರೋಲು

ಇಲ್ಲಿ ಗಣಿತದ ಮೇಷ್ಟ್ರನ್ನೂ ಕರೆಯಿರಿ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಅದು ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮುಕ್ಕಾಲು ಕೆಜಿ ಸುಟ್ಟರೆ ಎರಡು ಕೆಜಿ ದಾಟಿ ಬರೋದು ಹೇಗೆ? ಮಕ್ಕಳು ನಂಬುವುದಿಲ್ಲ. ಪೆಟ್ರೋಲಿನಲ್ಲಿರುವ ಕಾರ್ಬನ್ ಸುಮಾರು 640 ಗ್ರಾಂ. ಪ್ರತಿ 12 ಗ್ರಾಂ ಕಾರ್ಬನ್ ಗಾಳಿಯಿಂದ 32 ಗ್ರಾಂ ಆಕ್ಸಿಜನ್ ಹಿಡಿದುಕೊಂಡು 44 ಗ್ರಾಂ ಆಗುತ್ತದೆ. 640ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಲಿ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬೈಕಿನಲ್ಲಿ ಹೋಗಿಬಂದರೆ ಎಷ್ಟಾಯಿತು ಅಂತ ಮುಂದಿನ ಲೆಕ್ಕ. ಮೂರು ಕೆಜಿಯ ಹತ್ತಿರ ಬರುತ್ತದೆ.

ಆಮೇಲೆ "ಗಿಡ ನೆಡಬೇಕು" ಉತ್ತರಕ್ಕೆ ಬನ್ನಿ. ತೋಟದಲ್ಲಿ ಒಂದು ದೊಡ್ಡ ಸಿಲ್ವರ್ ಓಕ್ ಮರ ತೋರಿಸಿ. ಒಣಗಿಸಿದರೆ ಅದು 500 ಕೆಜಿ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಅರ್ಧದಷ್ಟು ಕಾರ್ಬನ್, ಅಂದರೆ 250 ಕೆಜಿ. ಅದು ಗಾಳಿಯಿಂದ ಎಳೆದುಕೊಂಡ ಕಾರ್ಬನ್ ಡೈಆಕ್ಸೈಡ್ 917 ಕೆಜಿ. ಸುಮಾರು 400 ಲೀಟರ್ ಪೆಟ್ರೋಲಿಗೆ ಸಮ. ಮರ ಬೆಳೆಯಲು ಇಪ್ಪತ್ತು ಮೂವತ್ತು ವರ್ಷ, ಪೆಟ್ರೋಲ್ ಖಾಲಿಯಾಗಲು ಒಂದೆರಡು ವರ್ಷ. ಮರ ಕಡಿದು ಸೌದೆ ಮಾಡಿದರೆ ಲೆಕ್ಕ ಮತ್ತೆ ಮೊದಲಿಗೆ. ಗಿಡ ನೆಡುವುದು ಬೇಡ ಅಂತಲ್ಲ, ನೆಟ್ಟರೆ ಎಷ್ಟಾಗುತ್ತದೆ ಅಂತ ಗೊತ್ತಿರಲಿ.

ಇನ್ನೊಂದು ಒಗಟು. ಜಗತ್ತು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗಾಳಿಯಲ್ಲಿ ಒಂದು ಪಿಪಿಎಂ ಏರಲು ಸುಮಾರು 780 ಕೋಟಿ ಟನ್ ಬೇಕು. ಭಾಗಿಸಿದರೆ ವರ್ಷಕ್ಕೆ ನಾಲ್ಕೂಮುಕ್ಕಾಲು ಏರಬೇಕು, ಗೋಡೆಯ ಗ್ರಾಫಿನಲ್ಲಿ ಏರಿದ್ದು ಎರಡೂವರೆ. ಉಳಿದದ್ದು ಎಲ್ಲಿ ಹೋಯಿತು? ಒಂದು ರಾತ್ರಿ ಯೋಚಿಸಲು ಬಿಡಿ. ಸಮುದ್ರ ಮತ್ತು ಕಾಡು ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಸುಣ್ಣದ ಲೋಟ ನೆನಪಿದ್ದರೆ.

ಏರಿದ್ದು ಮನುಷ್ಯರು ಸುಟ್ಟದ್ದರಿಂದಲೇ ಅನ್ನೋದಕ್ಕೆ ಬೆರಳ ಗುರುತು ಇದೆ. ಜೀವ ಇರುವ ಎಲ್ಲದರಲ್ಲೂ 'ಕಾರ್ಬನ್ 14' ಅನ್ನೋ ಒಂದು ಬಗೆಯ ಕಾರ್ಬನ್ ಸ್ವಲ್ಪ ಇರುತ್ತದೆ, 5,730 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಒಂಚೂರೂ ಉಳಿದಿಲ್ಲ. ಅದನ್ನು ಸುಟ್ಟಷ್ಟೂ ಗಾಳಿಯ ಕಾರ್ಬನ್ನಿನಲ್ಲಿ 14ರ ಪಾಲು ತೆಳುವಾಗುತ್ತದೆ. ಹಾಲಿಗೆ ನೀರು ಬೆರೆಸಿದ್ದನ್ನು ಡೈರಿಯಲ್ಲಿ ಹಿಡಿಯುವ ಹಾಗೆ.

ಒಂದು ಎಚ್ಚರಿಕೆ. ಲೆಕ್ಕ ಮಾಡಿಸುವಾಗ ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಡಿ. ಭಾರತದ ಒಬ್ಬೊಬ್ಬರ ಪಾಲು ವರ್ಷಕ್ಕೆ ಸುಮಾರು ಎರಡು ಟನ್, ಅಮೆರಿಕದವರದ್ದು ಹದಿನಾಲ್ಕರ ಹತ್ತಿರ. ಲೈನ್ ಮನೆಯಿಂದ ನಡೆದು ಬರುವ ಹುಡುಗಿಗೆ "ನೀನು ಲೈಟ್ ಆರಿಸು" ಅಂತ ಬುದ್ಧಿ ಹೇಳುವುದು ನ್ಯಾಯ ಅಲ್ಲ, ಅಲ್ವಾ?

ಎಂಟನೇ ಹೆಜ್ಜೆ: ಸೆಂಟ್ಸ್ ಲೆಕ್ಕದ ಮಳೆ

ಈಗ ಪರಿಣಾಮ. ಜಗತ್ತಿನ ಸರಾಸರಿ ಉಷ್ಣತೆ ಕಾರ್ಖಾನೆಗಳ ಹಿಂದಿನ ಕಾಲಕ್ಕಿಂತ 1.2 ಡಿಗ್ರಿಗೂ ಹೆಚ್ಚು ಏರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ಸುರಿದಾಗ ಒಟ್ಟಿಗೆ ಸುರಿಯಲು ಅದೊಂದು ಕಾರಣ. ಇಷ್ಟು ಹೇಳಿ, ನಮ್ಮೂರಿಗೆ ಬನ್ನಿ.

ನಮ್ಮ ಎಸ್ಟೇಟುಗಳಲ್ಲಿ ಒಂದು ಆಸ್ತಿ ಇದೆ, ಮಳೆ ರಿಜಿಸ್ಟರ್. ದಿನಾ ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟ್ಸಿನಲ್ಲಿ ಬರೆದಿಟ್ಟಿರುತ್ತಾರೆ. ನೂರು ಸೆಂಟ್ಸ್ ಒಂದು ಇಂಚು, ಅಂದರೆ 25.4 ಮಿ.ಮೀ. ಹಳೇ ತೋಟಗಳಲ್ಲಿ ಅಜ್ಜನ ಕಾಲದ್ದೂ ಸಿಗುತ್ತದೆ. ಹೋಗಿ ಕೇಳಿ, ಮಕ್ಕಳು ಬಂದರೆ ಇಲ್ಲ ಅನ್ನುವವರು ಕಡಿಮೆ. ಪುಟಗಳ ಫೋಟೋ ತೆಗೆದುಕೊಂಡು ಕ್ಲಾಸಿನಲ್ಲಿ ಹಂಚಿ, ಒಬ್ಬೊಬ್ಬರಿಗೆ ಎರಡೆರಡು ವರ್ಷ. ಮೂರು ಪ್ರಶ್ನೆ ಸಾಕು: ವರ್ಷದ ಒಟ್ಟು ಮಳೆ ಎಷ್ಟು? ಐದು ಇಂಚು ದಾಟಿದ ದಿನ ಎಷ್ಟು? ಕಾಫಿ ಅರಳಿಸುವ ಹೂಮಳೆ, ಒಂದು ಇಂಚಿನದ್ದು, ಯಾವ ತಾರೀಕಿಗೆ ಬಂತು? ಮೊದಲ ಮೂವತ್ತು ವರ್ಷದ ಸರಾಸರಿಯನ್ನು ಕೊನೆಯ ಮೂವತ್ತರ ಪಕ್ಕ ಇಡಿ. ಒಟ್ಟು ಮಳೆಯಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆಸಿ. ಬೇಕಾದ ಉತ್ತರ ಬರುವ ತನಕ ಅಂಕೆ ತಿರುಚಿದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಕಾಫಿಯ ಮಾತು ಮಕ್ಕಳೇ ತರುತ್ತಾರೆ. ಕೊಯ್ಲಿನ ಹೊತ್ತಿಗೆ ಮಳೆ ಬಂದು ಕಣದಲ್ಲಿ ಹಣ್ಣು ಕೊಳೆತದ್ದು, ಕಾಂಡ ಕೊರೆಯುವ ಬೋರರ್ ಹುಳುವಿನ ಕಾಟಕ್ಕೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದ್ದು. ಅರೇಬಿಕಾಕ್ಕೆ ತಂಪು ಬೇಕು, ರೋಬಸ್ಟಾ ಹೆಚ್ಚಿನ ಸೆಕೆ ತಡೆಯುತ್ತದೆ, ಅಷ್ಟು ನಿಜ. ಆದರೆ ನೆರಳಿನ ಮರ ಕಡಿದದ್ದು, ಕೂಲಿಯಾಳು ಸಿಗದಿದ್ದದ್ದು, ರೇಟು, ಇವೂ ಕಾರಣಗಳು. ಎಲ್ಲವನ್ನೂ ಕಾರ್ಬನ್ ಡೈಆಕ್ಸೈಡಿನ ತಲೆಗೆ ಕಟ್ಟಬೇಡಿ.

ಗುಡ್ಡ ಕುಸಿತದ ಮಾತು ಬಂದಾಗ ಇನ್ನೂ ಹುಷಾರು. 2018ರ ಆಗಸ್ಟಿನಲ್ಲಿ ಸಕಲೇಶಪುರದ ಕಡೆ ಶಿರಾಡಿ ಘಾಟಿ ಕುಸಿಯಿತು, 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿತು. ಜೋರು ಮಳೆ ಹೌದು, ಗುಡ್ಡ ಅಗೆದು ರಸ್ತೆ ಮಾಡಿದ್ದು, ಇಳಿಜಾರು ಕಡಿದದ್ದೂ ಕಾರಣ ಆಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಮನೆ ಕಳೆದುಕೊಂಡವರ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಕೂತಿರಬಹುದು. ನಾನೊಮ್ಮೆ ಆ ಫೋಟೋಗಳನ್ನು ದೊಡ್ಡದಾಗಿ ತೋರಿಸಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ಹೊರಗೆ ಹೋಗಿ ಕೊಳಾಯಿ ಹತ್ತಿರ ನಿಂತ. ಕರೆದೆ, ಬರಲಿಲ್ಲ. ಆಮೇಲೆ ಯಾವತ್ತೂ ಫೋಟೋ ತೋರಿಸಿಲ್ಲ. ಆ ದಿನಗಳ ಮಳೆ ಎಷ್ಟು ಸೆಂಟ್ಸ್ ಅಂತ ರಿಜಿಸ್ಟರಿನಲ್ಲಿ ಇರುತ್ತದೆ, ಅದು ಸಾಕು. ಹೇಳಬೇಕೆನಿಸಿದವರು ತಾವಾಗಿಯೇ ಹೇಳುತ್ತಾರೆ.

ರಿಜಿಸ್ಟರುಗಳನ್ನು ಶಾಲೆಗೆ ತಂದಿದ್ದರೆ ಯಾವ ತೋಟದ್ದು, ಯಾವ ವರ್ಷದ್ದು ಅಂತ ಚೀಟಿ ಅಂಟಿಸಿಡಿ, ಊಟದ ಡಬ್ಬಿಯ ಹತ್ತಿರ ಇಡಲು ಬಿಡಬೇಡಿ. ಹೂಮಳೆ ಬೀಳುವುದರೊಳಗೆ ವಾಪಸ್ ಕೊಟ್ಟುಬಿಡಿ. ಆ ದಿನ ಬೆಳಗ್ಗೆ ಎಸ್ಟೇಟ್ ರೈಟರಿಗೆ ಅದು ಬೇಕೇ ಬೇಕು.